ನಮ್ಮ ಬೋರ್ ನೀರು ವಿಶ್ವಸಂಸ್ಥೆಯ ಲೆಕ್ಕದಲ್ಲಿ ಪಾಸಾದ ಕಥೆ

ಬಾಗೇಪಲ್ಲಿ ಕಡೆ ನಮ್ಮ ದೊಡ್ಡಪ್ಪನ ಊರು. ಬೆಳಗ್ಗೆ ಏಳು ಗಂಟೆಗೆಲ್ಲ ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳು ಸಾಲಾಗಿ ಕೂತಿರುತ್ತವೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು. ಹೋದ ಸಲ ನಾನು ಹೋದಾಗ ಘಟಕ ಕೆಟ್ಟು ವಾರವಾಗಿತ್ತು. ಬೈಕ್ ಇದ್ದವರು ಎರಡೆರಡು ಕ್ಯಾನ್ ಕಟ್ಟಿಕೊಂಡು ಪಕ್ಕದೂರಿಗೆ ಹೋಗಿ ಬರುತ್ತಿದ್ದರು. ಬೈಕ್ ಇಲ್ಲದವರು ಸುಮ್ನೆ ನಲ್ಲಿ ನೀರು ಕುಡಿಯುತ್ತಿದ್ದರು. ಆ ಊರಲ್ಲಿ ನಲ್ಲಿ ನೀರು ಅಂದರೆ ಬೋರ್ ನೀರೇ.

ದೊಡ್ಡಪ್ಪ ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆಗಳು ಕಾಣುತ್ತವೆ. "ಇದು ನಮ್ಮೂರ ನೀರಿನ ಮುದ್ರೆ ಕಣಪ್ಪಾ. ನಮ್ಮ ಕಾಲದಲ್ಲಿ ಹೆಣ್ಣು ನೋಡೋಕೆ ಹೋದ್ರೆ ಹಲ್ಲು ನೋಡಿನೇ ಯಾವ ಕಡೆಯೋರು ಅಂತ ಹೇಳಿಬಿಡೋರು" ಅನ್ನುತ್ತಾರೆ. ಅವರಿಗೆ ಅದು ತಮಾಷೆ. ಮೊಣಕಾಲು ಮಡಚಿ ಕೂರಲು ಆಗದಿರುವುದು ಮಾತ್ರ ತಮಾಷೆ ಅಲ್ಲ.

ಇಂಥ ಊರು ಒಂದು ದೊಡ್ಡ ಪರೀಕ್ಷೆಯಲ್ಲಿ ಪಾಸಾಗಿತ್ತು ಅಂದರೆ ನಂಬುತ್ತೀರಾ? ಪರೀಕ್ಷೆ ಇಟ್ಟದ್ದು ವಿಶ್ವಸಂಸ್ಥೆ.

2000ದ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 189 ದೇಶಗಳು ಸೇರಿ ಒಂದು ಘೋಷಣೆಗೆ ಒಪ್ಪಿದವು. ಸಹಸ್ರಮಾನದ ಅಭಿವೃದ್ಧಿ ಗುರಿಗಳು ಹುಟ್ಟಿದ್ದು ಅದರಿಂದ. ಒಟ್ಟು ಎಂಟು ಗುರಿ, 2015 ಗಡುವು. ಕಡು ಬಡವರ ಪ್ರಮಾಣ 1990ರಲ್ಲಿ ಇದ್ದದ್ದರ ಅರ್ಧಕ್ಕೆ ಇಳಿಯಬೇಕು, ಎಲ್ಲ ಮಕ್ಕಳೂ ಪ್ರಾಥಮಿಕ ಶಾಲೆ ಮುಗಿಸಬೇಕು, ಐದು ವರ್ಷದೊಳಗಿನ ಮಕ್ಕಳ ಸಾವು ಮೂರನೇ ಎರಡು ಭಾಗ ಕಡಿಮೆಯಾಗಬೇಕು, ಹೀಗೆ ಸಾಗುತ್ತಿತ್ತು ಪಟ್ಟಿ. ನೀರಿನ ಬಗ್ಗೆಯೂ ಒಂದು ಸಾಲಿತ್ತು. ಸುರಕ್ಷಿತ ಕುಡಿಯುವ ನೀರು ಸಿಗದವರ ಪ್ರಮಾಣವನ್ನು ಅರ್ಧ ಮಾಡುವುದು. 2012ರಲ್ಲಿ ಸಿಹಿಸುದ್ದಿ ಬಂತು: ನೀರಿನ ಗುರಿಯನ್ನು ಜಗತ್ತು 2010ರಲ್ಲೇ, ಗಡುವಿಗೆ ಐದು ವರ್ಷ ಮೊದಲೇ ಮುಟ್ಟಿದೆ.

ಅಳೆದದ್ದು ಹೇಗೆ ಅಂತ ನೋಡಿದರೆ ವಿಷಯ ಗೊತ್ತಾಗುತ್ತದೆ. ಗುರಿಯಲ್ಲಿ ಬರೆದದ್ದು 'ಸುರಕ್ಷಿತ ನೀರು'. ಲೆಕ್ಕಕ್ಕೆ ತೆಗೆದುಕೊಂಡದ್ದು 'ಸುಧಾರಿತ ಮೂಲ'. ನಲ್ಲಿ, ಕೊಳವೆಬಾವಿ, ಕಟ್ಟೆ ಕಟ್ಟಿ ಮುಚ್ಚಿದ ಬಾವಿ, ಇವೆಲ್ಲ ಸುಧಾರಿತ ಮೂಲಗಳು. ಆ ನೀರಿನಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ. ಇದರಲ್ಲಿ ಮೋಸವೇನೂ ಇರಲಿಲ್ಲ. ನೂರಕ್ಕೂ ಹೆಚ್ಚು ದೇಶಗಳ ಪ್ರತಿ ಹಳ್ಳಿಯ ನೀರನ್ನೂ ಲ್ಯಾಬಿಗೆ ಕಳಿಸುವಷ್ಟು ವ್ಯವಸ್ಥೆ ಆಗ ಇರಲಿಲ್ಲ. ಜಗತ್ತಿನ ಎಷ್ಟೋ ಕಡೆ ಜನ ದನ ಇಳಿಯುವ ಕುಂಟೆಯ ನೀರು ಕುಡಿದು ವಾಂತಿಭೇದಿಯಿಂದ ಸಾಯುತ್ತಿದ್ದರು. ಅಂಥ ಕಡೆ ಕೊಳವೆಬಾವಿ ಬಂದರೆ ಅದೇ ದೊಡ್ಡ ಸುಧಾರಣೆ.

ನಮ್ಮ ಕಥೆ ಉಲ್ಟಾ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆ ನೆಲದ ಕೆಳಗೆ ಇರುವುದು ಗ್ರಾನೈಟ್, ನೈಸ್‌ನಂಥ ಗಟ್ಟಿ ಕಲ್ಲು. ಆ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ಹಿಂದೆ ಕೆರೆ ಕೆಳಗಿನ ತೆರೆದ ಬಾವಿಗಳಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಅದೇ ಒಂದೆರಡು ವರ್ಷದ ಮಳೆ ನೀರು. ಬಾವಿ ಬತ್ತಿತು, 200 ಅಡಿ ಬೋರ್ ಬಂತು. ಅದೂ ಬತ್ತಿತು. 600, 1,000, 1,500 ಅಡಿಗೂ ಇಳಿದೆವು. ಮಳೆಯಿಂದ ನೆಲಕ್ಕೆ ಇಳಿಯುವುದಕ್ಕಿಂತ ಜಾಸ್ತಿ ಎತ್ತುತ್ತಿದ್ದೇವೆ. ಅಂತರ್ಜಲದ ಸರ್ಕಾರಿ ಪಟ್ಟಿಯಲ್ಲಿ ನಮ್ಮ ಕಡೆಯ ತಾಲ್ಲೂಕುಗಳ ಮುಂದೆ 'ಅತಿಬಳಕೆ' ಅಂತ ಬರೆದು ಎಷ್ಟೋ ವರ್ಷವಾಯಿತು.

ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಾನದಂಡದಲ್ಲಿ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ. ದಾಟಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಕರೆ. ಜಾಸ್ತಿ ಪ್ರಮಾಣದ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ಕುದಿಸಿದರೆ ಹೋಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ.

ಅಂದರೆ ರೋಗಾಣುವಿನಿಂದ ಕಾಪಾಡಬೇಕಾದ ಬೋರ್, ನಮಗೆ ಬೇರೊಂದು ತೊಂದರೆ ತಂದಿತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ದೊಡ್ಡಪ್ಪನ ಊರು ಸುಧಾರಿಸಿದ ಊರು.

2015ರ ಸೆಪ್ಟೆಂಬರ್ 25ರಂದು ಹೊಸ ಪಟ್ಟಿ ಬಂತು. ಈ ಸಲ 193 ದೇಶಗಳು, 17 ಗುರಿ, ಅದರೊಳಗೆ 169 ಉಪಗುರಿ, ಗಡುವು 2030. ಇವೇ ಸುಸ್ಥಿರ ಅಭಿವೃದ್ಧಿ ಗುರಿಗಳು. ಸರ್ಕಾರಿ ಕಚೇರಿಗಳ ಗೋಡೆ ಮೇಲೆ ಬಣ್ಣಬಣ್ಣದ ಚಕ್ರ ನೋಡಿರುತ್ತೀರಿ, ಅದೇ. 169 ಯಾರ ನೆನಪಿನಲ್ಲಿರುತ್ತದೆ ಹೇಳಿ? ನನಗೂ ಇಲ್ಲ. ಆದರೆ ಆರನೇ ಗುರಿಯ ಮೊದಲ ಉಪಗುರಿಯಲ್ಲಿ ನಮಗೆ ಸಂಬಂಧಪಟ್ಟ ಒಂದು ಬದಲಾವಣೆ ಇದೆ. ಈಗ ಅಳೆಯುವುದು 'ಸುರಕ್ಷಿತವಾಗಿ ನಿರ್ವಹಿಸಿದ' ನೀರನ್ನು. ಅದಕ್ಕೆ ಮೂರು ಷರತ್ತು. ನೀರು ಮನೆಯಲ್ಲೇ ಅಥವಾ ಅಂಗಳದಲ್ಲೇ ಸಿಗಬೇಕು. ಬೇಕಾದಾಗ ಸಿಗಬೇಕು. ಮಲದ ರೋಗಾಣು ಮತ್ತು ಮುಖ್ಯ ರಾಸಾಯನಿಕಗಳು ಅದರಲ್ಲಿ ಮಿತಿ ಮೀರಿ ಇರಬಾರದು. ಆ ಮುಖ್ಯ ರಾಸಾಯನಿಕಗಳು ಎರಡು. ಒಂದು ಆರ್ಸೆನಿಕ್, ಇನ್ನೊಂದು ಫ್ಲೋರೈಡ್.

ನೀರು ಅದೇ, ಬೋರ್ ಅದೇ, ಹಲ್ಲಿನ ಕರೆಯೂ ಅದೇ. ಹಳೆಯ ಪಟ್ಟಿಯಲ್ಲಿ ಪಾಸಾಗಿದ್ದ ಊರು ಹೊಸ ಪಟ್ಟಿಯಲ್ಲಿ ಫೇಲ್. ನನ್ನ ಪ್ರಕಾರ ಈ 15 ವರ್ಷಗಳಲ್ಲಿ ನಮ್ಮ ಬಯಲುಸೀಮೆಗೆ ವಿಶ್ವಸಂಸ್ಥೆ ಮಾಡಿದ ದೊಡ್ಡ ಉಪಕಾರ ಈ ಫೇಲ್ ಮಾಡಿದ್ದೇ.

ಆದರೆ ದೇಶದೊಳಗಿನ ಲೆಕ್ಕದಲ್ಲಿ ಹಳೆಯ ಪದ ಇನ್ನೂ ಜೀವಂತವಾಗಿದೆ. ಗ್ರಾಮೀಣ ಭಾರತದ ಶೇ 99ಕ್ಕೂ ಹೆಚ್ಚು ಜನರಿಗೆ 'ಸುಧಾರಿತ ಮೂಲ'ದ ನೀರು ಸಿಗುತ್ತಿದೆ ಅನ್ನುತ್ತವೆ ಕೇಂದ್ರದ ಅಂಕಿಗಳು. ಸುಳ್ಳಲ್ಲ. ದೊಡ್ಡಪ್ಪನ ಊರೂ ಆ 99ರಲ್ಲೇ ಇರುತ್ತದೆ.

ಬಡತನದ ಲೆಕ್ಕದಲ್ಲೂ ಇದೇ ಆಟ. ನೀತಿ ಆಯೋಗ ಬಹು ಆಯಾಮದ ಬಡತನ ಅಂತ ಒಂದನ್ನು ಅಳೆಯುತ್ತದೆ. ಆರೋಗ್ಯ, ಶಿಕ್ಷಣ, ಜೀವನ ಮಟ್ಟ ಸೇರಿ 12 ಅಂಶಗಳು. ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ನೀರು, ಕರೆಂಟ್, ಮನೆ, ಬ್ಯಾಂಕ್ ಖಾತೆ ಇತ್ಯಾದಿ. ಒಂದೊಂದಕ್ಕೂ ಒಂದು ತೂಕ. ಒಟ್ಟು ತೂಕದ ಮೂರನೇ ಒಂದು ಭಾಗದಷ್ಟು ಕೊರತೆ ಇದ್ದರೆ ಆ ಮನೆ ಬಡ ಮನೆ. 2015-16ರಲ್ಲಿ ದೇಶದಲ್ಲಿ ಇಂಥ ಬಡವರು ಶೇ 24.85. 2019-21ರ ಹೊತ್ತಿಗೆ ಶೇ 14.96. ಕರ್ನಾಟಕದಲ್ಲಿ ಶೇ 7.58. ಐದು ವರ್ಷದಲ್ಲಿ 13.5 ಕೋಟಿ ಜನ ಹೊರಬಂದರು ಅಂತ ವರದಿ ಹೇಳಿತು. ಗ್ಯಾಸ್ ಬಂತು, ಶೌಚಾಲಯ ಬಂತು, ಜನಧನ ಖಾತೆ ಬಂತು. ಕಣ್ಣಿಗೆ ಕಾಣುವ ಬದಲಾವಣೆ ಇದು, ಅಲ್ಲಗಳೆಯುವ ಹಾಗಿಲ್ಲ.

ಆದರೆ ಅಲ್ಲಿ ನೀರಿನ ಪ್ರಶ್ನೆ ಏನು ಗೊತ್ತಾ? ಸುಧಾರಿತ ಮೂಲ ಇದೆಯೇ, ಹೋಗಿ ಬರಲು ಅರ್ಧ ಗಂಟೆಗಿಂತ ಕಡಿಮೆ ಹಿಡಿಯುತ್ತದೆಯೇ. ಫ್ಲೋರೈಡಿನ ಮಾತಿಲ್ಲ. ಮತ್ತೆ ಆ 12ರಲ್ಲಿ ಒಂದು ಪದ ಎಲ್ಲೂ ಇಲ್ಲ. ಸಾಲ.

ನಮ್ಮ ಕಡೆ ಬಡತನಕ್ಕೆ ಬೀಳುವ ದಾರಿಯನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಬೋರ್ ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು ಬರುತ್ತಾರೆ, ರಿಗ್ ಲಾರಿ ರಾತ್ರಿಯೆಲ್ಲ ಕೊರೆಯುತ್ತದೆ, ಬೆಳಗ್ಗೆ ನೋಡಿದರೆ ಬರೀ ಧೂಳು. ಒಂದು ಫೇಲಾದರೆ ಇನ್ನೊಂದು. ಮೂರನೆಯದರಲ್ಲಿ ಒಂದಿಂಚು ನೀರು ಬಂದರೆ ಪುಣ್ಯ. ಅಷ್ಟರಲ್ಲಿ ಲಕ್ಷಗಟ್ಟಲೆ ಕೈಸಾಲ, ಸಂಘದ ಸಾಲ, ಒಡವೆ ಅಡ. ಅದೇ ಮನೆಗೆ ಗಣತಿಯವರು ಬಂದರೆ ಕಾಣುವುದು ತಾರಸಿ ಮನೆ, ಗ್ಯಾಸ್ ಸಿಲಿಂಡರ್, ಶೌಚಾಲಯ, ಶಾಲೆಗೆ ಹೋಗುವ ಮಕ್ಕಳು. ಎಲ್ಲ ಅಂಕಣದಲ್ಲೂ ಟಿಕ್. ಹಣದ ಲೆಕ್ಕದ ಬಡತನದಲ್ಲೂ ಹೀಗೇ. ಅಲ್ಲಿ ನೋಡುವುದು ಮನೆಯವರ ಖರ್ಚನ್ನು. ಸಾಲ ತಂದು ತಿಂದರೂ ತಿಂದ ಲೆಕ್ಕವೇ.

ಆ ಹಣದ ಗೆರೆಯೂ ಎಷ್ಟು ಸಲ ಜಾಗ ಬದಲಿಸಿದೆ ನೋಡಿ. ವಿಶ್ವಬ್ಯಾಂಕಿನ ಕಡು ಬಡತನದ ಗೆರೆ ಮೊದಲು ದಿನಕ್ಕೆ ಒಂದು ಡಾಲರ್. ಆಮೇಲೆ 1.25, 2015ರಲ್ಲಿ 1.90, 2022ರಲ್ಲಿ 2.15, 2025ರ ಜೂನ್‌ನಲ್ಲಿ 3 ಡಾಲರ್. ಇದನ್ನು ಬ್ಯಾಂಕಿನ ಇವತ್ತಿನ ಡಾಲರ್ ದರಕ್ಕೆ ಗುಣಿಸಬೇಡಿ, ಬಹಳ ಜನ ಮಾಡುವ ತಪ್ಪು ಅದು. ಅಮೆರಿಕದಲ್ಲಿ ಮೂರು ಡಾಲರಿಗೆ ಏನು ಸಿಗುತ್ತದೋ ಅದನ್ನು ಇಲ್ಲಿ ಕೊಳ್ಳಲು ಎಷ್ಟು ರೂಪಾಯಿ ಬೇಕು ಎಂಬ ಲೆಕ್ಕ ಅದು. 2021ರ ಬೆಲೆಯಲ್ಲಿ ಹೆಚ್ಚುಕಡಿಮೆ 60 ರೂಪಾಯಿ ಆಸುಪಾಸು. ಊಟ, ಬಟ್ಟೆ, ಔಷಧಿ, ಬಾಡಿಗೆ, ಬಸ್ಸು ಎಲ್ಲ ಸೇರಿ ಒಬ್ಬರಿಗೆ ಒಂದು ದಿನಕ್ಕೆ.

ಗೆರೆ 3 ಡಾಲರಿಗೆ ಏರಿದಾಗ ಏನಾಯಿತು? 2022ನೇ ಇಸವಿಗೆ ಜಗತ್ತಿನಲ್ಲಿ 71.3 ಕೋಟಿ ಇದ್ದ ಕಡು ಬಡವರು 83.8 ಕೋಟಿ ಆದರು. ಯಾರ ಮನೆಯಲ್ಲೂ ಒಂದು ಹಿಡಿ ಅಕ್ಕಿ ಕಡಿಮೆಯಾಗಿರಲಿಲ್ಲ. ಭಾರತದಲ್ಲಿ ಹೊಸ ಗೆರೆಯ ಪ್ರಕಾರ 2011-12ರಲ್ಲಿ ಶೇ 27.1 ಇದ್ದದ್ದು 2022-23ಕ್ಕೆ ಶೇ 5.3ಕ್ಕೆ ಇಳಿದಿತ್ತು. ಇಳಿದದ್ದು ದೊಡ್ಡದೇ. ಅದರ ಜೊತೆಗೆ ಮನೆಖರ್ಚು ಕೇಳುವ ರೀತಿಯ ಬಗ್ಗೆಯೂ ಸ್ವಲ್ಪ ಗೊತ್ತಿರಬೇಕು. ಹಳೆಯ ಪದ್ಧತಿಯಲ್ಲಿ ಕಳೆದ 30 ದಿನದ್ದನ್ನು ಕೇಳುತ್ತಿದ್ದರು. ಹೊಸ ಪದ್ಧತಿಯಲ್ಲಿ ತರಕಾರಿ, ಹಣ್ಣು, ಎಣ್ಣೆ, ಮೊಟ್ಟೆ, ಮಾಂಸಕ್ಕೆ ಕಳೆದ 7 ದಿನದ್ದನ್ನು ಕೇಳುತ್ತಾರೆ. ಹೋದ ತಿಂಗಳು ಎಷ್ಟು ಕೆಜಿ ಟೊಮೆಟೊ ತಂದಿರಿ ಅಂದರೆ ನೀವು ಅರ್ಧ ಮರೆತಿರುತ್ತೀರಿ. ಹೋದ ವಾರದ್ದು ನೆನಪಿರುತ್ತದೆ. ಹಾಗಾಗಿ ಖರ್ಚು ಜಾಸ್ತಿ ಕಾಣುತ್ತದೆ, ಬಡವರು ಕಡಿಮೆ ಕಾಣುತ್ತಾರೆ. ಹೊಸ ರೀತಿ ಹೆಚ್ಚು ನಿಖರ ಅನ್ನುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ನಾವು ಎಣಿಸುವ ಬಡವರ ಸಂಖ್ಯೆ ಒಂದು ಪ್ರಶ್ನೆಯ ಮೇಲೂ ನಿಂತಿರುತ್ತದೆ, ಅಲ್ವಾ?

ಟೊಮೆಟೊ ಮಾತು ಬಂತಲ್ಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತ ದಿನಗಳು ಅವು. ಬೆಲೆ ಬಿದ್ದಾಗ ಇದೇ ರೈತರು ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದೂ ಇದೆ. ಯಾವ ತಿಂಗಳು ಬಂದು ಕೇಳುತ್ತೀರಿ ಅನ್ನುವುದರ ಮೇಲೆ ಒಬ್ಬನೇ ಮನುಷ್ಯ ಸಾಹುಕಾರನೂ ಹೌದು, ಬಡವನೂ ಹೌದು.

ಇಷ್ಟೆಲ್ಲ ಹೇಳಿದ ಮೇಲೆ ಈ ಗುರಿಗಳೇ ಬೇಡ ಅನ್ನಬಹುದೇ? ನಾನು ಹಾಗೆ ಅನ್ನುವುದಿಲ್ಲ. 1990ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 93 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2022ರಲ್ಲಿ ಅದು 37. ಎಲ್ಲವೂ ಗುರಿ ಇಟ್ಟದ್ದರಿಂದಲೇ ಆಯಿತು ಅಂತಲ್ಲ. ಕಡು ಬಡತನ ಇಳಿದದ್ದರಲ್ಲಂತೂ ದೊಡ್ಡ ಪಾಲು ಚೀನಾದ್ದು, ಆ ದೇಶ ವಿಶ್ವಸಂಸ್ಥೆಯ ಪಟ್ಟಿ ನೋಡಿಕೊಂಡು ಕಾರ್ಖಾನೆ ಕಟ್ಟಲಿಲ್ಲ. ಆದರೆ ಎಣಿಸಲು ಶುರು ಮಾಡಿದ್ದರಿಂದಲೇ ಎಷ್ಟೋ ಸಂಗತಿ ಸರ್ಕಾರಗಳ ಕಣ್ಣಿಗೆ ಬಿದ್ದವು. ಫ್ಲೋರೈಡ್ ಕೂಡ ಹಾಗೇ ಬಿದ್ದದ್ದು.

ಗುರಿ 17 ಆದಾಗ ಇನ್ನೊಂದು ತೊಡಕು ಶುರುವಾಯಿತು. ಒಂದು ಗುರಿಯ ಗೆಲುವು ಇನ್ನೊಂದಕ್ಕೆ ತಲೆನೋವು.

ಪಾವಗಡದ ಸೋಲಾರ್ ಪಾರ್ಕ್ ನೋಡಿ. ತಿರುಮಣಿ, ವಳ್ಳೂರು ಸುತ್ತ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್. ಶುದ್ಧ ವಿದ್ಯುತ್ತಿನ ಏಳನೇ ಗುರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಸ್ವಲ್ಪ ಏರಿಕೆ. ಮಳೆ ಇಲ್ಲದೆ ಕಡಲೆಕಾಯಿ ಬಿತ್ತಿ ಬೀಜವೂ ಕೈಗೆ ಬರದ ಊರಿನಲ್ಲಿ ಹತ್ತು ಎಕರೆಯವರಿಗೆ ಅದು ಪಿಂಚಣಿ ಬಂದ ಹಾಗೆ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಭೂಮಿ ಇಲ್ಲದವರಿಗೆ ಗುತ್ತಿಗೆ ಹಣ ಎಲ್ಲಿಂದ ಬರಬೇಕು? ಕೂಲಿಯೂ ಹೋಯಿತು, ಕುರಿ ಮೇಯಿಸುವ ಬಯಲಿಗೂ ಬೇಲಿ ಬಿತ್ತು. ಏಳನೇ ಗುರಿಯ ಅಂಕಣ ತುಂಬಿತು. ಒಂದನೇ ಗುರಿಯ ಅಂಕಣದಲ್ಲಿ ಅವರ ಹೆಸರು ಇದೆಯೋ ಇಲ್ಲವೋ ಅಂತ ಯಾರು ನೋಡಬೇಕು?

ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯದು ಇನ್ನೂ ಸಿಕ್ಕಾದ ಕಥೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್‌ನಷ್ಟನ್ನು ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೀರಿನ ಮೇಲೆ ನೊರೆ ಎದ್ದಿತು. ಶಾಶ್ವತ ನೀರಾವರಿ ಹೋರಾಟದವರು ಹೈಕೋರ್ಟಿಗೆ ಹೋದರು, ತಡೆ ಬಂತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೂ ಹತ್ತಿತು. ಕೊನೆಗೆ ನೀರು ಹರಿಯುವುದು ಮುಂದುವರಿಯಿತು. ಚಿಕ್ಕಬಳ್ಳಾಪುರದ ಕಡೆಗೆ ಇದೇ ಥರದ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ನೀರೂ ಬಂತು. ಮೂರನೇ ಹಂತದ ಸಂಸ್ಕರಣೆ ಬೇಕು ಅನ್ನುವ ಕೂಗು ಇವತ್ತಿಗೂ ನಿಂತಿಲ್ಲ.

ಆರನೇ ಗುರಿಯಲ್ಲೇ ಇನ್ನೊಂದು ಉಪಗುರಿ ಇದೆ. ಸಂಸ್ಕರಿಸದೆ ಬಿಡುವ ಕೊಳಚೆಯ ಪ್ರಮಾಣ ಅರ್ಧವಾಗಬೇಕು, ನೀರಿನ ಮರುಬಳಕೆ ಹೆಚ್ಚಬೇಕು ಅನ್ನುತ್ತದೆ. ಆ ಲೆಕ್ಕದಲ್ಲಿ ಕೆ.ಸಿ. ವ್ಯಾಲಿ ಮಾದರಿ ಯೋಜನೆ. ಬತ್ತಿದ ಬೋರ್‌ಗಳಲ್ಲಿ ನೀರು ಕಂಡದ್ದು ನಿಜ, ಕೆರೆಯಂಗಳಕ್ಕೆ ಕೊಕ್ಕರೆ ಮರಳಿದ್ದೂ ನಿಜ. ಆದರೆ ಅದೇ ಸಾಲಿನಲ್ಲಿ 'ಸುರಕ್ಷಿತ' ಮರುಬಳಕೆ ಅಂತ ಬರೆದಿದೆ. ನೆಲಕ್ಕೆ ಇಳಿದ ನೀರು ನಾಳೆ ಯಾವುದೋ ಬೋರ್‌ನಲ್ಲಿ ಮೇಲೆ ಬರುತ್ತದೆ, ಯಾವುದೋ ಮನೆಯ ಬಿಂದಿಗೆ ಸೇರುತ್ತದೆ. ಮತ್ತೆ ಅದೇ ಒಂದು ಪದಕ್ಕೆ ಬಂದು ನಿಂತೆವು. ಲೀಟರ್ ಎಣಿಸುವುದು ಸುಲಭ, ಸುರಕ್ಷಿತ ಅನ್ನುವುದನ್ನು ಅಳೆಯಲು ಖರ್ಚಿದೆ. ನನ್ನ ಮಟ್ಟಿಗೆ ಈ ನೀರು ಬೇಡ ಅನ್ನುವ ಸ್ಥಿತಿಯಲ್ಲಿ ಕೋಲಾರ ಇಲ್ಲ. ಮೂರನೇ ಹಂತ ಆಮೇಲೆ ನೋಡೋಣ ಅನ್ನುವುದನ್ನೂ ಒಪ್ಪಲಾರೆ.

ಫ್ಲೋರೈಡಿಗೆ ನಿಜವಾದ ಔಷಧಿ ಹೊರಗಿನ ಸಿಹಿ ನೀರು, ಮಳೆ ನೀರು. ಆರ್‌ಒ ಘಟಕ, ಅಂದರೆ ಐದು ರೂಪಾಯಿ ನಾಣ್ಯದ ಆ ಶುದ್ಧ ನೀರಿನ ಘಟಕ, ತಾತ್ಕಾಲಿಕ ಬ್ಯಾಂಡೇಜ್. ಅದು ಸೋಸಿ ಬಿಸಾಡುವ ಉಪ್ಪುನೀರು ಮತ್ತೆ ಇಲ್ಲಿನ ಚರಂಡಿಗೇ ಹೋಗುತ್ತದೆ, ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಕೆಟ್ಟರೆ ಬದಲಿಸುವವರು ಸಿಗಬೇಕು. ಹಾಗಾಗಿ 2023ರ ನವೆಂಬರ್‌ನಲ್ಲಿ ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟಿನ ನೀರು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಅಂತ ಶುರುವಾದದ್ದು, 2025ರಲ್ಲಿ ತುಂಗಭದ್ರಾ ಹಿನ್ನೀರು ಪಾವಗಡಕ್ಕೆ ಬಂದದ್ದು ಸಣ್ಣ ಸಂಗತಿಗಳಲ್ಲ. ಪಶ್ಚಿಮಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಯ ಕಥೆ ನಿಮಗೆ ಗೊತ್ತೇ ಇದೆ. 2014ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆ. ಅಂದಾಜು ವೆಚ್ಚ 8,323 ಕೋಟಿಯಿಂದ 23 ಸಾವಿರ ಕೋಟಿ ದಾಟಿತು. ಈ ನಡುವೆ 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಬಂತು. ಪ್ರತಿ ಮನೆಗೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರ್. 2024ಕ್ಕೆ ಮುಗಿಯಬೇಕಿದ್ದದ್ದು ಈಗ 2028ಕ್ಕೆ ಹೋಗಿದೆ. ದೊಡ್ಡಪ್ಪನ ಮನೆಗೂ ನಲ್ಲಿ ಬಂದಿದೆ. ಆ ನಲ್ಲಿಗೆ ನೀರು ಬರುವುದು ಅದೇ ಬೋರ್‌ನಿಂದ.

ಜಗತ್ತಿನ ಮಟ್ಟದಲ್ಲೂ ಗಡುವು ಜಾರುತ್ತಿದೆ. ವಿಶ್ವಸಂಸ್ಥೆಯ 2025ರ ವರದಿಯ ಪ್ರಕಾರ ಸರಿದಾರಿಯಲ್ಲಿ ಇರುವ ಅಥವಾ ಒಂದು ಮಟ್ಟಿಗೆ ಮುಂದೆ ಸಾಗಿರುವ ಉಪಗುರಿಗಳು ಶೇ 35 ಮಾತ್ರ. ಶೇ 18ರಷ್ಟು 2015ಕ್ಕಿಂತ ಹಿಂದಕ್ಕೆ ಹೋಗಿವೆ. ಶ್ರೀಮಂತ ದೇಶಗಳು ತಮ್ಮ ವರಮಾನದ ಶೇ 0.7ರಷ್ಟನ್ನು ನೆರವಾಗಿ ಕೊಡಬೇಕು ಅಂತ 1970ರಲ್ಲೇ ವಿಶ್ವಸಂಸ್ಥೆ ನಿರ್ಣಯ ಮಾಡಿತ್ತು. ಕೊಟ್ಟವರು ಬೆರಳೆಣಿಕೆಯಷ್ಟು. ಅಮೆರಿಕವಂತೂ 2025ರಲ್ಲಿ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು.

ಹಾಗಾದರೆ ನಾವು ನೋಡಬೇಕಾದ್ದು ಎಲ್ಲಿ? ನನಗೆ ಕಾಣುವುದು ಗ್ರಾಮ ಪಂಚಾಯಿತಿ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 17 ಗುರಿಗಳನ್ನು 9 ವಿಷಯಗಳಾಗಿ ಮಡಚಿದೆ. ಬಡತನಮುಕ್ತ ಗ್ರಾಮ, ಆರೋಗ್ಯವಂತ ಗ್ರಾಮ, ನೀರು ಸಾಕಷ್ಟಿರುವ ಗ್ರಾಮ, ಹೀಗೆ. ಪಂಚಾಯಿತಿ ಯಾವ ವಿಷಯ ಹಿಡಿಯುತ್ತದೆ ಅಂತ ಗ್ರಾಮಸಭೆಯಲ್ಲಿ ಸಂಕಲ್ಪ ಮಾಡಿ ಅದರ ಮೇಲೆ ವರ್ಷದ ಯೋಜನೆ ಬರೆಯಬೇಕು. ಸಭೆಗೆ ಹೋಗಿ ಬ್ಯಾನರ್ ಮೇಲಿನ ಬಣ್ಣದ ಚಕ್ರ ನೋಡಿ ಬರುವ ಬದಲು ಒಂದೇ ಪ್ರಶ್ನೆ ಕೇಳಬಹುದು. ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಎಷ್ಟು, ಅಳೆದದ್ದು ಯಾವಾಗ?

ಅಳೆಯುವವರು ಊರಲ್ಲೇ ಇದ್ದಾರೆ. ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಊರಿನಲ್ಲಿ ಐದು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕು. ದೊಡ್ಡಪ್ಪನ ಸೊಸೆ, ಅಂದರೆ ನಮ್ಮ ಅತ್ತಿಗೆ, ಆ ಐವರಲ್ಲಿ ಒಬ್ಬರು. ಸಣ್ಣ ಸೀಸೆಗೆ ನೀರು ಹಾಕಿ ಔಷಧಿ ಬಿಟ್ಟರೆ ಗುಲಾಬಿ ಬಣ್ಣ ಬರುತ್ತದೆ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಅದು ಹಳದಿ ಕಡೆಗೆ ತಿರುಗುತ್ತದೆ.

"ಘಟಕದ ನೀರು ಹಾಕಿದ್ರೆ ಗುಲಾಬಿನೇ ಇರ್ತದೆ. ನಲ್ಲಿ ನೀರು ಹಾಕಿದ್ರೆ ಹಳದಿ" ಅಂದರು. "ಫೋಟೋ ತೆಗೆದು ಕಳಿಸ್ತೀವಿ."

"ಆಮೇಲೆ?"

"ಆಮೇಲೇನು, ಕಿಟ್ ತೊಳೆದಿಡ್ತೀವಿ" ಅಂದು, ಖಾಲಿ ಕ್ಯಾನ್ ಎತ್ತಿಕೊಂಡು ಬೈಕ್ ಇರುವ ಪಕ್ಕದ ಮನೆಯವರನ್ನು ಕೂಗುತ್ತಾ ಹೋದರು.